ನಿಂತವನಿಗೆ ಎಣಿಕೆಯಿಲ್ಲ

ಹವ್ಯಾಸಿ ಬಾಕ್ಸಿಂಗಿನಲ್ಲಿ ದೇಶಕ್ಕೆ ಪದಕ ತಂದಿದ್ದ ಒಡಾರ್ಟೆ, ವೃತ್ತಿಪರನಾಗಿ ಅಂದು ಮೊದಲ ಸಲ ರಿಂಗಿಗೆ ಇಳಿಯುವವನಿದ್ದ. ಅಕ್ರಾ ನಗರದ ಆ ಕ್ರೀಡಾಂಗಣದ ಹಿಂದಿನ ಕೋಣೆಯಲ್ಲಿ ಕೋಚ್ ಅವನ ಕೈಗೆ ಪಟ್ಟಿ ಸುತ್ತುತ್ತಿದ್ದರು.

"ಎದುರಿನೋನು ತತ್ತರಿಸಿದ ಕೂಡ್ಲೆ ನೀನು ಹಿಂದೆ ಸರಿದು ನಿಂತ್ಕೋತೀಯ. ಆ ಹಳೇ ಚಾಳಿ ಬಿಡು."

"ಹವ್ಯಾಸಿ ಪಂದ್ಯದಲ್ಲಿ ನಿಂತಿರೋನಿಗೂ ಎಂಟರ ತನಕ ಎಣಿಸ್ತಿದ್ರಲ್ಲ ಕೋಚ್, ಸುಧಾರಿಸ್ಕೊಳ್ಲಿ ಅಂತ."

"ಇಲ್ಲಿ ಬಿದ್ದೋನಿಗೆ ಮಾತ್ರ ಎಣಿಸೋದು. ಬೀಳೋ ತನಕ ಹೊಡಿ."

ಮೂರನೆಯ ಸುತ್ತಿನಲ್ಲಿ ಒಡಾರ್ಟೆಯ ಬಲಗೈ ಏಟು ಎದುರಾಳಿಯ ದವಡೆಗೆ ಬಿತ್ತು. ಅವನು ತತ್ತರಿಸಿ ರಿಂಗಿನ ಹಗ್ಗಕ್ಕೆ ಒರಗಿದ. ಒಡಾರ್ಟೆಯ ಕಾಲು ತಾನಾಗಿಯೇ ಹಿಂದೆ ಸರಿಯಿತು.

"ನಿಂತಿದಾನೆ, ಹೊಡಿಯೋ!" ಕೋಚ್ ಕೂಗಿದರು.

ಹೊಡೆದ. ಅವನು ಬೀಳಲಿಲ್ಲ. ಮತ್ತೆ ಹೊಡೆದ. ಆ ಕಣ್ಣುಗಳು ರೆಪ್ಪೆ ಮಿಟುಕಿಸದೆ ಒಡಾರ್ಟೆಯನ್ನೇ ನೋಡುತ್ತಿದ್ದವು.

"ಬೀಳೋ ಮಾರಾಯ," ಎಂದು ಒಡಾರ್ಟೆ ಬೇಡಿಕೊಂಡ. ಆಮೇಲೆ ರೆಫ್ರಿಯತ್ತ ತಿರುಗಿದ. "ಎಣಿಸಿ ಸಾರ್!"

"ನಿಂತಿದಾನಲ್ಲಪ್ಪ."

"ಏನ್ ಗಟ್ಟಿ ಆಸಾಮಿ!" ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಬೆಲ್ ಆಗುವ ತನಕ ಒಡಾರ್ಟೆ ಹೊಡೆಯುತ್ತಲೇ ಇದ್ದ.

ಬೆಲ್ ಆದರೂ ಎದುರಾಳಿ ತನ್ನ ಮೂಲೆಗೆ ಹೋಗಲಿಲ್ಲ. ರೆಫ್ರಿ ಹತ್ತಿರ ಬಂದು ನೋಡಿದ. ಎದುರಾಳಿಯ ತೋಳು ಎರಡು ಹಗ್ಗಗಳ ನಡುವೆ ತಿರುಚಿಕೊಂಡು ಸಿಕ್ಕಿಬಿದ್ದಿತ್ತು. ಅದನ್ನು ಬಿಡಿಸಿದ ಕೂಡಲೇ ಅವನು ಬಿದ್ದ, ಕಣ್ಣು ತೆರೆದಂತೆಯೇ.

ರೆಫ್ರಿ ಎಣಿಸಲಿಲ್ಲ.