ಮೆಟ್ಟಿಲ ಮೇಲಿನ ಅಜ್ಜಿ

"ಅಜ್ಜಿ ಊರಿಗೆ ಹೋಗ್ಯಾಳ. ನೀ ಮಲ್ಕೋ ಚಿನ್ನಿ" ಎಂದು ಒಳಗೆ ರೇಖಾ ಮಗಳಿಗೆ ಹೇಳುತ್ತಿದ್ದಳು. ಅಜ್ಜಿ ಉಚ್ಚಂಗೆಮ್ಮ ಯಾವ ಊರಿಗೂ ಹೋಗಿರಲಿಲ್ಲ. ಹರಪನಹಳ್ಳಿಯ ಆ ಬಾಡಿಗೆ ಮನೆಯ ಹೊರಗೆ, ಮಾಳಿಗೆಯ ಮೆಟ್ಟಿಲ ಮೇಲೆ, ಕೆಮ್ಮು ಬಂದರೂ ಸೆರಗು ಬಾಯಿಗಿಟ್ಟುಕೊಂಡು ಕಳ್ಳರ ಹಾಗೆ ಕೂತಿದ್ದಳು.

ರೇಖಾಳಿಗೆ ನರ್ಸ್ ಕೆಲಸ ಸಿಕ್ಕಾಗಿನಿಂದ ಮಗು ಸುಮೇಧಾ ಹಳ್ಳಿಯಲ್ಲಿ, ಇಟ್ಟಿಗಿಯಲ್ಲಿ, ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದವಳು. ಎರಡು ವರ್ಷ ತುಂಬಿತು, ಇನ್ನು ತಾಯಿಯ ಹತ್ತಿರ ಇರಲಿ ಎಂದು ನಿನ್ನೆ ಕರೆತಂದಿದ್ದರು. ನಿನ್ನೆ ರಾತ್ರಿ ಅಜ್ಜಿಯನ್ನು ಬಿಟ್ಟು ಕದಲಲಿಲ್ಲ. ಅದಕ್ಕೇ ಮಗ ಭೀಮರಾಜ ಇವತ್ತು ಖಡಾಖಂಡಿತವಾಗಿ ಹೇಳಿದ್ದ: "ಅವ್ವಾ, ಇವತ್ತು ಅವರವ್ವನ ಹತ್ರ ಮಲಗಿದ್ಲಂದ್ರ ಇಲ್ಲೇ ಇರ್ತಾಳ. ಇಲ್ಲಾಂದ್ರ ಬೆಳಿಗ್ಗೆ ಬಸ್ಸಿಗೆ ನಿನ್ನ ಜೊತಿಗೆ ಕರ್ಕೊಂಡು ಹೋಗಿಬಿಡು. ಅತ್ತು ಅತ್ತು ಕೂಸಿಗೆ ಜಡ್ಡು ಬಂದೀತು." ರೇಖಾ ಕಣ್ಣೊರೆಸಿಕೊಂಡಿದ್ದಳು.

ಒಳಗೆ ಅಳು ಶುರುವಾಯಿತು. ಭೀಮರಾಜ ಓಡಿ ಬಂದ.

"ಊರಾಗ ನೀ ಹೆಂಗ ಮಲಗಸ್ತಿದ್ದಿ? ಲಗೂನ ಹೇಳು."

"ಭುಜಕ್ಕ ಹಾಕ್ಕೊಂಡು ಅಡ್ಡಾಡಾಕ ಹೇಳು."

ಹೋದ, ಬಂದ. "ಆಗವಲ್ದು."

"ಲೈಟ್ ಆರಸ್ರಿ. ಫ್ಯಾನ್ ಸಣ್ಣಗ ಮಾಡ್ರಿ."

"ಅದೂ ಆತು."

"ಹಾಲು ಬೆಚ್ಚಗ ಮಾಡಿ ಕೊಡ್ರಿ."

ಹಾಲಿನ ಲೋಟ ಗೋಡೆಗೆ ಬಡಿದ ಸದ್ದು ಹೊರಗಿನವರೆಗೂ ಕೇಳಿಸಿತು. ತುಂಬಿದ ಬಸ್ಸಿನಲ್ಲಿ ನುಸುಳಿ ನುಸುಳಿ ಟಿಕೆಟ್ ಕೊಡುವ ಕಂಡಕ್ಟರ್ ಭೀಮರಾಜ, ಎರಡು ವರ್ಷದ ಕೂಸಿನ ಮುಂದೆ ಬೆವೆತು ನೀರಾಗಿದ್ದ.

ಉಚ್ಚಂಗೆಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಒಂದು ಮಾತನ್ನು ನುಂಗಿಕೊಂಡಿದ್ದಳು. ಬೆಳಿಗ್ಗೆ ಬಸ್ಸಿನಲ್ಲಿ ಒಬ್ಬಳೇ ಕೂತು ಹೋಗುವುದು, ರಾತ್ರಿ ಕೈಯಾಡಿಸಿದರೆ ಮಗ್ಗುಲಲ್ಲಿ ಬರೀ ಕೌದಿ ಸಿಗುವುದು ಕಣ್ಣ ಮುಂದೆ ಬರುತ್ತಿತ್ತು. ಕೂತರೆ ಕೂರಲಾಗದು, ಎದ್ದರೆ ಕಾಲು ಬಾಗಿಲ ಕಡೆಗೇ ಎಳೆಯುತ್ತದೆ. ಅಳಲಿ, ಇನ್ನೊಂದು ಸ್ವಲ್ಪ ಅಳಲಿ ಎಂದು ಮನಸ್ಸು ಹೇಳಿತು. ಹಾಗೆ ಹೇಳಿದ ಮನಸ್ಸಿನ ಮೇಲೆ ಅವಳಿಗೇ ಸಿಟ್ಟು ಬಂತು.

"ಅಜ್ಜೀ..." ಮಗುವಿನ ದನಿ ಒಡೆದು ಹೋಗಿತ್ತು. ಅದರ ಹಿಂದೆಯೇ ಇನ್ನೊಂದು ಅಳು. "ನಾ ನಿಮ್ಮವ್ವ ಅದೀನಲ್ಲ ಚಿನ್ನಿ. ನನ್ನ ಕಡೆ ಒಮ್ಮೆ ನೋಡು..." ಅದು ರೇಖಾ.

ಉಚ್ಚಂಗೆಮ್ಮ ಎದ್ದು ನಿಂತಳು. "ಭೀಮಾ, ಬಾ ಇಲ್ಲಿ."

ಅವನು ಬಂದ.

"ಜೋಳದ ಹಿಟ್ಟು ಐತಲ್ಲ, ಅಂಗೈಗೆ ಒಂಚೂರು ಸವರಿಕೊಳ್ಳಾಕ ಹೇಳು ಅಕಿಗೆ. ಕೂಸನ್ನ ತೊಡಿ ಮ್ಯಾಲೆ ಬೋರಲ ಹಾಕ್ಕೊಂಡು, ರೊಟ್ಟಿ ಬಡದಂಗ ಬೆನ್ನು ಬಡೀಲಿ. ಮೆತ್ತಗ. ದಿನಾ ನಾ ರೊಟ್ಟಿ ಬಡಿಯೋ ಮುಂದ ತೊಡಿಗೆ ಹತ್ತಿಕೊಂಡು ಮಲಗಿ ರೂಢಿ ಅದಕ್ಕ."

ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ತಪ್, ತಪ್ ಎಂದು ಕೇಳಿಸತೊಡಗಿತು. ಮೊದಮೊದಲು ತಾಳ ತಪ್ಪಿತು, ಆಮೇಲೆ ಕೂಡಿಬಂತು. ಅಳು ಬಿಕ್ಕಳಿಕೆಯಾಯಿತು. ಬಿಕ್ಕಳಿಕೆಯೂ ನಿಂತಿತು.

ರೇಖಾ ಮೆಲ್ಲಗೆ ಹೊರಗೆ ಬಂದಳು. ಮುಖದ ತುಂಬ ಕಣ್ಣೀರು, ಅದರ ಮೇಲೆ ನಗು. "ಮಲಗಿದ್ಲು ಅತ್ತಿ! ನನ್ನ ತೊಡಿ ಮ್ಯಾಲೇ ಮಲಗಿದ್ಲು. ಇಷ್ಟು ಸುಲಭ ಇತ್ತಲ್ರಿ, ಮೊದಲಾ ಯಾಕ ಹೇಳಲಿಲ್ಲ?"

ಉಚ್ಚಂಗೆಮ್ಮ ಸೊಸೆಯ ಮುಖ ನೋಡಲಿಲ್ಲ.

"ಹೇಳಿದ್ರ ಮಲಗಿಬಿಡ್ತಾಳಂತ ಗೊತ್ತಿತ್ತವ್ವ."