ಬಾಗಿಲಿಲ್ಲದ ಕೊನೆಯ ಚೌಕ

ಗದಗಿನ ಮುದ್ರಕರು ಹೇಳಿದ ಕಥೆಯಿದು. ಆ ಕಾಲದಲ್ಲಿ ವಾರಪತ್ರಿಕೆಯ ಚಿತ್ರಕಥೆಯ ಕೊನೆಯ ಚೌಕದಲ್ಲಿ ಒಂದು ಬಾಗಿಲು ಬರೆಯುವುದು ರೂಢಿ. ಕಥಾನಾಯಕರು ಅದರಿಂದ ಹೊರಬಂದು, ಮುಂದಿನ ವಾರದ ಕಥೆ ಕೇಳಿಕೊಂಡು ಮರಳುತ್ತಿದ್ದರು. ಕಲಾವಿದೆ ನೀಲಾಂಬಿಕೆಯವರ ಮನೆಗೆ ಮೂವತ್ತೊಂದು ವರ್ಷ ಗುರುವಾರಕ್ಕೊಮ್ಮೆ ಬರುತ್ತಿದ್ದವನು ಅವರ ಕಥೆಯ ನಾಯಕ, ದಳಪತಿ ಕೆಂಚವೀರ. ಬೇರೆ ಯಾರೂ ಆ ಮನೆಗೆ ಬರುತ್ತಿರಲಿಲ್ಲ.

ಒಂದು ಗುರುವಾರ ಅವನು ನಿಂತೇ ಮಾತಾಡಿದ.

"ಅಕ್ಕಾರ, ಓದೋ ಮಂದಿ ಕಡಿಮಿ ಆಗ್ಯಾರ. ನನ್ನ ದಂಡಿನವ್ರೂ ನನ್ನ ಮಾತು ಕೇಳವಲ್ರು."

"ಮೀಸಿ ದಪ್ಪ ಮಾಡ್ಲೇನೋ?"

"ಮೀಸಿ ನೋಡಿ ಯಾರ್ ಬೆನ್ನ ಹತ್ತತಾರ್ರೀ? ಗೆಲ್ಲೂದು ಮೊದಲ ಗೊತ್ತಿದ್ದಾವ್ಗ ಅಂಜಿಕಿ ಎಲ್ಲಿಂದ ಬರ್ಬೇಕು? ಅಂಜಿಕಿ ಇಲ್ಲದಾವನ ಧೈರ್ಯಾ ಯಾರೂ ನಂಬಂಗಿಲ್ಲ. ಇನ್ನ ಬಾಗಿಲಾ ಬರೀಬ್ಯಾಡ್ರಿ."

"ಗುರುವಾರ ನಾ ಯಾರ ಕೂಡ ಮಾತಾಡ್ಲೋ?"

ಅವನು ಅವರ ಕಾಲು ಮುಟ್ಟಿ, ಬಾಗಿಲು ದಾಟಿ ಚೌಕದೊಳಗೆ ಹೋದ.

ನೀಲಾಂಬಿಕೆ ಕೊನೆಯ ಚೌಕದಲ್ಲಿ ಬರಿಯ ಗೋಡೆ ಬರೆದು, ಅವನನ್ನು ಶತ್ರುವಿನತ್ತ ಮುಖಮಾಡಿ ನಿಲ್ಲಿಸಿದರು. ಅಚ್ಚಾದ ಪುಟದಲ್ಲಿ ಅವನು ತಿರುಗಿ ಗೋಡೆಯನ್ನು ನೋಡುತ್ತಿದ್ದ. ಕಣ್ಣಲ್ಲಿ ಅಂಜಿಕೆಯಿತ್ತು, ದಂಡೆಲ್ಲ ಅವನ ಮೈಗೊತ್ತಿ ನಿಂತಿತ್ತು. ಅವನು ಗೆಲ್ಲುತ್ತಾನೆಂದು ನೀಲಾಂಬಿಕೆಯವರಿಗೆ ಗೊತ್ತಿತ್ತು, ಹೇಳಿಕಳಿಸಲು ದಾರಿಯಿರಲಿಲ್ಲ.