ಗೋಡೆಯೊಳಗಿನ ಯಜಮಾನರು

ರೆಕಾರ್ಡಿಂಗಿಗೆ ಮೊದಲು ಫ್ಯಾನ್ ಆರಿಸಿದೆ, ಫ್ರಿಜ್ಜಿನ ಪ್ಲಗ್ ಕಿತ್ತೆ. ಎಲ್ಲ ಮನೆಗಳಲ್ಲಿರುವಂತೆ ಇಲ್ಲಿಯೂ ಗೋಡೆಯೊಳಗೆ ಸತ್ತವರು ಮಾತಾಡುತ್ತಿದ್ದರು. ಈ ಮನೆಯಲ್ಲಿ ಹಾಲಮ್ಮಜ್ಜಿಯ ಗಂಡ.

"ಅಜ್ಜಿ, ಅವರ ಗೊಣಗಾಟ ಮೈಕಿಗೆ ಬೀಳ್ತೈತೆ."

"ರೀ, ಒಂದ್ ತಾಸು ಸುಮ್ನಿರ್ರಿ," ಎಂದಳು ಅಜ್ಜಿ. ಗೋಡೆ ತೆಪ್ಪಗಾಯಿತು.

ಅಜ್ಜಿ ಹೇಳಿದ ಹತ್ತಿ ಗಿರಣಿಯ ಮುಷ್ಕರದ ನೆನಪುಗಳೆಲ್ಲ ಸ್ವಚ್ಛವಾಗಿ ದಾಖಲಾದವು. ಗಂಡನ ಹೆಸರು ಕೇಳಿದಾಗ ಮಾತ್ರ ಸೆರಗು ಬಾಯಿಗೆ ಹಿಡಿದಳು. ಅರವತ್ತು ವರ್ಷದಲ್ಲಿ ಒಮ್ಮೆಯೂ ಅದನ್ನು ಉಚ್ಚರಿಸಿದವಳಲ್ಲ.

"ಆತು, ಇನ್ನ ಮಾತಾಡ್ರಿ," ಎಂದಳು ಕೊನೆಗೆ. ಗೋಡೆ ಮಾತಾಡಲಿಲ್ಲ. ಇನ್ನೊಮ್ಮೆ ಕರೆದಳು.

"ಹೆಸರು ಹಿಡಿದು ಕರೆದ್ರೆ ಬರ್ತಾರಜ್ಜಿ," ಎಂದೆ.

ಅಜ್ಜಿ ಗೋಡೆಗೆ ಹಣೆ ಒತ್ತಿ ಮೆಲ್ಲಗೆ "ಚನ್ನವೀರಪ್ಪ" ಎಂದಳು.

ಒಳಗಿನಿಂದ ಗಂಡಸಿನ ದನಿ ಹೆದರಿಕೊಂಡು ಕೇಳಿತು: "ಯಾರವ್ವ ನೀನು? ನಮ್ಮ ಹಾಲಮ್ಮ ಎಲ್ಲಿ ಹೋದ್ಲು?"